ಹಾಡ್ ಸ್ಟುವರ್ಟ್: ಕೈತುಂಬ ಸಂಬಳ ಪಡೆದ ಡಿಫೆನ್ಸ್ ಆಟಗಾರನ ಮನೆಯವರಿಗೆ ಉಳಿದದ್ದೇನು?

ಪ್ರಶ್ನೆ: ನಾವು ಟೊರಾಂಟೊದಲ್ಲಿದ್ದೇವೆ. ಮಗ ಇಲ್ಲಿನ ಮಕ್ಕಳ ಲೀಗಿನಲ್ಲಿ ಐಸ್ ಹಾಕಿ ಆಡುತ್ತಾನೆ, ಡಿಫೆನ್ಸ್‌ನಲ್ಲಿ. ಮೊನ್ನೆ ಅವನನ್ನು ಹಾಕಿಯ ಮಹಾನ್ ಆಟಗಾರರನ್ನು ಗೌರವಿಸುವ ಹಾಕಿ ಹಾಲ್ ಆಫ್ ಫೇಮ್‌ಗೆ ಕರೆದುಕೊಂಡು ಹೋಗಿದ್ದೆ. 1945ರಲ್ಲಿ ಮೊಟ್ಟಮೊದಲು ಆರಿಸಿದ ಒಂಬತ್ತು ಆಟಗಾರರಲ್ಲಿ ಹಾಡ್ ಸ್ಟುವರ್ಟ್ ಎಂಬ ಡಿಫೆನ್ಸ್ ಆಟಗಾರನೂ ಇದ್ದಾನೆ. 28ನೇ ವಯಸ್ಸಿಗೇ ತೀರಿಕೊಂಡವನು, ಐಸ್ ಹಾಕಿಯ ದೊಡ್ಡ ಬಹುಮಾನವಾದ ಸ್ಟ್ಯಾನ್ಲಿ ಕಪ್ ಎತ್ತಿದ್ದು ಒಂದೇ ವರ್ಷ. ಇಷ್ಟಕ್ಕೇ ಅಷ್ಟು ದೊಡ್ಡ ಹೆಸರು ಹೇಗೆ ಬಂತು? ಆ ಕಾಲದಲ್ಲಿ ಹಾಕಿ ಆಡಿದರೆ ದುಡ್ಡು ಸಿಗುತ್ತಿತ್ತೇ? ಬೇರೆ ಬೇರೆ ತಂಡಗಳಿಂದ ಆರಿಸಿದವರು ಆಡುವ ಆಲ್‌ಸ್ಟಾರ್ ಪಂದ್ಯ ಶುರುವಾದದ್ದೇ ಅವನಿಂದ ಎನ್ನುತ್ತಾರೆ, ನಿಜವೇ? ಕೊನೆಗೆ ಮಗನ ಪ್ರಶ್ನೆ: ಅವನು 1970ರ ದಶಕದ ಹೆಸರಾಂತ ಡಿಫೆನ್ಸ್ ಆಟಗಾರ ಬಾಬಿ ಓರ್‌ಗಿಂತ ದೊಡ್ಡವನೇ?

ಉತ್ತರ: ಗೋಲುಗಳ ಲೆಕ್ಕ ಹಿಡಿದು ಸ್ಟುವರ್ಟ್‌ನನ್ನು ತೂಗಲು ಕೂತರೆ ನಿಮ್ಮ ಅನುಮಾನ ಸರಿಯೆಂದೇ ತೋರುತ್ತದೆ. ಆದರೆ ಆ ಕಾಲದ ಸ್ಕೋರ್ ಪುಸ್ತಕಗಳನ್ನು ಅಷ್ಟು ನಂಬುವಂತಿಲ್ಲ. ಗೋಲು ಹೊಡೆದವನ ಹೆಸರು ಬರೆದಿಡುತ್ತಿದ್ದರು, ಚೆಂಡಿನ ಬದಲು ಓಡುವ ಆ ರಬ್ಬರ್ ಪಕ್ಕನ್ನು ಅವನಿಗೆ ತಲುಪಿಸಿದವನನ್ನು ಬಹಳ ಕಡೆ ಬರೆಯುತ್ತಲೇ ಇರಲಿಲ್ಲ. ಗೋಲು ತಪ್ಪಿಸಿದವನ ಮಾತಂತೂ ಬಿಡಿ. ಅದಕ್ಕೇ ಸ್ಟುವರ್ಟ್‌ನ ವಿಷಯದಲ್ಲಿ ನಾನು ನೋಡುವುದು ಬೇರೊಂದು ದಾಖಲೆಯನ್ನು: ಅವನಿಗೆ ಯಾರು ಎಷ್ಟು ಕೊಟ್ಟರು, ಅವನನ್ನು ಕರೆಸಿಕೊಳ್ಳಲು ಊರೂರುಗಳು ಹೇಗೆ ಪೈಪೋಟಿಗೆ ಬಿದ್ದವು ಎಂಬುದನ್ನು. ಆ ಲೆಕ್ಕದಲ್ಲಿ ಅವನ ಸಾಲಿಗೆ ಬರುವವರು ಕಡಿಮೆ. ತಂಡದ ಅತಿ ಬೆಲೆಯ ಆಟಗಾರ ಹಿಂದೆ ನಿಲ್ಲುವವನೂ ಆಗಿರಬಹುದು ಎಂದು ದುಡ್ಡು ಹಾಕುವವರಿಗೆ ಮೊದಲು ಮನವರಿಕೆ ಮಾಡಿಕೊಟ್ಟವರಲ್ಲಿ ಅವನೊಬ್ಬ. ಅದೇ ಲೆಕ್ಕದ ಕಹಿ ಭಾಗ ಅವನು ಸತ್ತ ಮೇಲೆ ಗೊತ್ತಾಯಿತು. ಎರಡನ್ನೂ ಹೇಳುತ್ತೇನೆ.

ಮೊದಲು ಆಟದ ಬಗ್ಗೆ ಸ್ವಲ್ಪ. ಇಂದು ನಿಮ್ಮ ಮಗ ಆಡುವುದು ಆರು ಜನರ ಹಾಕಿ. 1900ರ ಸುಮಾರಿನಲ್ಲಿ ಒಂದು ತಂಡದಲ್ಲಿ ಏಳು ಜನ. ಗೋಲಿನಲ್ಲಿ ಒಬ್ಬ, ಅವನ ಮುಂದೆ ಪಾಯಿಂಟ್, ಪಾಯಿಂಟ್‌ನ ಮುಂದೆ ಕವರ್ ಪಾಯಿಂಟ್, ಆಮೇಲೆ ಎಲ್ಲಿಗೆ ಬೇಕಾದರೂ ಓಡುವ ರೋವರ್, ಮುಂದೆ ಸೆಂಟರ್ ಮತ್ತು ಎರಡು ವಿಂಗ್. ಗಮನಿಸಿ, ಡಿಫೆನ್ಸ್‌ನ ಇಬ್ಬರು ಈಗಿನಂತೆ ಅಕ್ಕಪಕ್ಕ ನಿಲ್ಲುತ್ತಿರಲಿಲ್ಲ, ಒಬ್ಬರ ಹಿಂದೆ ಒಬ್ಬರು. ಅರ್ಧ ಗಂಟೆಯ ಎರಡು ಅವಧಿ, ಅದೇ ಏಳು ಜನ ಕೊನೆಯವರೆಗೂ ಆಡಬೇಕು. ಮುಂದಕ್ಕೆ ಪಾಸ್ ಕೊಡುವಂತಿಲ್ಲ. ಪಕ್ಕನ್ನು ಬದಿಗೋ ಹಿಂದಕ್ಕೋ ತಳ್ಳಬೇಕು, ಇಲ್ಲವೇ ತಾನೇ ಹೊತ್ತುಕೊಂಡು ಹೋಗಬೇಕು. ಗೋಲ್‌ಕೀಪರ್ ಮಂಜಿನ ಮೇಲೆ ಬಿದ್ದು ತಡೆಯುವುದೂ ನಿಯಮದ ಪ್ರಕಾರ ತಪ್ಪು.

ಇಂಥ ಆಟದಲ್ಲಿ ಪಾಯಿಂಟ್ ಮತ್ತು ಕವರ್ ಪಾಯಿಂಟ್‌ನವರ ಮಾಮೂಲಿ ಕೆಲಸ ಅಡ್ಡ ಬರುವುದು, ಪಕ್ ಸಿಕ್ಕರೆ ಎತ್ತಿ ದೂರಕ್ಕೆ ಎಸೆಯುವುದು. ಎಸೆದ ಪಕ್ ಹೆಚ್ಚಾಗಿ ಎದುರಾಳಿಗೇ ಸಿಗುತ್ತಿತ್ತು, ಅವರು ಮತ್ತೆ ಬರುತ್ತಿದ್ದರು. ಸ್ಟುವರ್ಟ್ ಕವರ್ ಪಾಯಿಂಟ್‌ನವನು. ಆರಡಿಯ ಆಳು, ಆ ಕಾಲದ ಹಾಕಿಯಲ್ಲಿ ದೈತ್ಯನೇ. ಉದ್ದ ಕೈ ಚಾಚಿ ಎದುರಾಳಿಯ ಸ್ಟಿಕ್ಕಿನಿಂದ ಪಕ್ ಕಿತ್ತುಕೊಳ್ಳುವುದರಲ್ಲಿ ಪಳಗಿದವನು. ಕಿತ್ತುಕೊಂಡದ್ದನ್ನು ಎಸೆಯದೆ ತಾನೇ ಮುಂದಕ್ಕೆ ಒಯ್ಯುತ್ತಿದ್ದ. ಅಷ್ಟು ದೊಡ್ಡ ಮೈಯವನು ಅಷ್ಟು ಸರಾಗವಾಗಿ ಸ್ಕೇಟ್ ಮಾಡುವುದನ್ನು ನೋಡಲೆಂದೇ ಜನ ಬರುತ್ತಿದ್ದರು. ಮುಂದಕ್ಕೆ ಪಾಸ್ ಇಲ್ಲದ ಆಟದಲ್ಲಿ ಹಿಂದಿನಿಂದ ಹೊರಡುವ ಒಬ್ಬ ಓಟಗಾರ ಇದ್ದರೆ ಎದುರಾಳಿಯ ಎಣಿಕೆಯೇ ತಪ್ಪುತ್ತದೆ. ಇದನ್ನು ಅವನೊಬ್ಬನೇ ಕಂಡುಹಿಡಿದ ಎನ್ನಲಾರೆ. ಮುಂದೆ ಅವನ ಜೊತೆಗೇ ಆಡಿದ ಲೆಸ್ಟರ್ ಪ್ಯಾಟ್ರಿಕ್ ಕೂಡ 1904ರಲ್ಲಿ ಬ್ರ್ಯಾಂಡನ್ ತಂಡದ ಪರ ಕವರ್ ಪಾಯಿಂಟ್‌ನಿಂದ ಮುನ್ನುಗ್ಗಿದ್ದ. ಆದರೆ ಪ್ಯಾಟ್ರಿಕ್‌ನದು ಆಗಿನ್ನೂ ಒಂದು ಸಾಹಸ. ಸ್ಟುವರ್ಟ್‌ನಿಗೆ ಅದೇ ದಿನನಿತ್ಯದ ಆಟ, ಅದೇ ಹೊಟ್ಟೆಪಾಡು.

ಸ್ಟುವರ್ಟ್ ಹುಟ್ಟಿದ್ದು 1879ರ ಫೆಬ್ರವರಿಯಲ್ಲಿ, ಕೆನಡಾದ ರಾಜಧಾನಿ ಆಟವಾ ನಗರದಲ್ಲಿ. ಪೂರ್ತಿ ಹೆಸರು ವಿಲಿಯಂ ಹಾಡ್ಸನ್ ಸ್ಟುವರ್ಟ್. ಅಪ್ಪನದು ಕಟ್ಟಡ ಗುತ್ತಿಗೆ. ತಮ್ಮ ಬ್ರೂಸ್ ಕೂಡ ದೊಡ್ಡ ಆಟಗಾರನಾದ. 1898ರ ಸುಮಾರಿಗೆ ಹಾಡ್ ಆಟವಾ ತಂಡಕ್ಕೆ ಬಂದ, ಎರಡು ವರ್ಷದ ಬಳಿಕ ಕ್ವಿಬೆಕ್‌ಗೆ ಹೋದ. ಈ ನಾಲ್ಕು ವರ್ಷದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಚೆನ್ನಾಗಿ ಆಡಿದ, ಹೆಸರಾಯಿತು, ದುಡ್ಡು ಬರಲಿಲ್ಲ.

ಬರುವಂತೆಯೂ ಇರಲಿಲ್ಲ. ಕೆನಡಾದ ಹಾಕಿ ಆಗ ಹವ್ಯಾಸಿಗಳ ಆಟ. ಕೂಲಿಗೆ ಆಡುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಸಂಘಟನೆ ನಡೆಸುವ ದೊಡ್ಡ ಮನುಷ್ಯರು ನಂಬಿದ್ದರು. ಅವರ ಪಟ್ಟು ಎಷ್ಟು ಬಿಗಿ ಎಂಬುದಕ್ಕೆ ಒಂದು ಪ್ರಸಂಗ ಸಾಕು. 1898ರಲ್ಲಿ ಒಂಟಾರಿಯೊದ ಬರ್ಲಿನ್ ಎಂಬ ಊರಿನ ತಂಡ ನೆರೆಯ ವಾಟರ್ಲೂ ತಂಡವನ್ನು ಸೋಲಿಸಿತು. ಖುಷಿಯಾದ ಮೇಯರ್ ಒಬ್ಬೊಬ್ಬ ಆಟಗಾರನಿಗೂ 10 ಡಾಲರಿನ ಚಿನ್ನದ ನಾಣ್ಯ ಕೊಟ್ಟ. ಅಷ್ಟಕ್ಕೇ ಒಂಟಾರಿಯೊ ಹಾಕಿ ಸಂಘ ಇಡೀ ತಂಡವನ್ನು ಹೊರಗೆ ಹಾಕಿತು. ನೀವು ಟೊರಾಂಟೊದಿಂದ ಪಶ್ಚಿಮಕ್ಕೆ ಹೋಗುವಾಗ ಸಿಗುವ ಕಿಚನರ್ ನಗರವೇ ಆ ಬರ್ಲಿನ್. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಜರ್ಮನ್ ಹೆಸರು ಬೇಡವೆಂದು ಬದಲಾಯಿಸಿದರು.

ಆ ಬರ್ಲಿನ್ ತಂಡದಲ್ಲಿ ಜಾನ್ ಗಿಬ್ಸನ್ ಎಂಬ ಹುಡುಗನಿದ್ದ. ಮುಂದೆ ಅವನು ಹಲ್ಲಿನ ಡಾಕ್ಟರನಾಗಿ ಅಮೆರಿಕದ ಮಿಷಿಗನ್ ರಾಜ್ಯದ ಹೌಟನ್ ಎಂಬ ಗಣಿ ಊರಿಗೆ ಹೋಗಿ ನೆಲೆಸಿದ. ಅಲ್ಲಿ ಪೋರ್ಟೇಜ್ ಲೇಕ್ ಎಂಬ ತಂಡ ಕಟ್ಟಿದ. ನಾಣ್ಯ ತೆಗೆದುಕೊಂಡನೆಂದು ಹೊರದಬ್ಬಿಸಿಕೊಂಡವನೇ ಬಹಿರಂಗವಾಗಿ ಸಂಬಳ ಕೊಡುವ ಹಾಕಿಯನ್ನು ಹುಟ್ಟುಹಾಕಿದವರಲ್ಲಿ ಒಬ್ಬನಾದ. ಒಂಟಾರಿಯೊದ ದೊಡ್ಡ ಮನುಷ್ಯರು ಇದನ್ನು ನಿರೀಕ್ಷಿಸಿರಲಿಕ್ಕಿಲ್ಲ.

ಸ್ಟುವರ್ಟ್ ಗಡಿ ದಾಟಿದ್ದು 1902ರಲ್ಲಿ. ಮೊದಲು ಹೋದದ್ದು ಪಿಟ್ಸ್‌ಬರ್ಗ್‌ಗೆ. ಉಕ್ಕಿನ ಆ ನಗರದಲ್ಲಿ ಡ್ಯುಕೇನ್ ಗಾರ್ಡನ್ ಎಂಬ ರಿಂಕ್ ಇತ್ತು, ಯಂತ್ರದಿಂದ ಹೆಪ್ಪುಗಟ್ಟಿಸಿದ ಮಂಜು. ಕೆನಡಾದ ರಿಂಕ್‌ಗಳಿಗೆ ಆಗ ಹವಾಮಾನವೇ ದಿಕ್ಕು. ಇಲ್ಲಿ ಬಿಸಿಲು ಬಂದರೂ ಪಂದ್ಯ ನಿಲ್ಲುತ್ತಿರಲಿಲ್ಲ, ಟಿಕೆಟ್ ಮಾರಬಹುದಿತ್ತು, ಮಾರಿದ ದುಡ್ಡಿನಲ್ಲಿ ಸಂಬಳ ಕೊಡಬಹುದಿತ್ತು. ಬ್ಯಾಂಕರ್ಸ್ ಎಂಬ ತಂಡ ಅವನಿಗೆ ವಾರಕ್ಕೆ 15ರಿಂದ 20 ಡಾಲರ್ ಕೊಟ್ಟು, ಜೊತೆಗೊಂದು ನೌಕರಿಯನ್ನೂ ಕೊಡಿಸಿತು. ಆ ವರ್ಷದ ಲೀಗ್ ಬ್ಯಾಂಕರ್ಸ್ ಪಾಲಾಯಿತು. ಒಂದು ಮಾತು ಇಲ್ಲಿ ಮರೆಯಬಾರದು. ಹೀಗೆ ದುಡ್ಡಿಗೆ ಆಡಲು ಹೋದವನನ್ನು ಕೆನಡಾದ ಹವ್ಯಾಸಿ ಸಂಘಗಳು ಮತ್ತೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. 23ರ ಹುಡುಗ ಆ ವಾರದ 20 ಡಾಲರಿಗಾಗಿ ತನ್ನ ಊರಿನ ಆಟದ ಬಾಗಿಲು ಮುಚ್ಚಿಕೊಂಡು ಹೋಗಿದ್ದ.

ಮರುವರ್ಷ ಗಿಬ್ಸನ್ ಅವನನ್ನು ಹೌಟನ್‌ಗೆ ಎಳೆದುಕೊಂಡ. ಸುಪೀರಿಯರ್ ಸರೋವರದೊಳಕ್ಕೆ ಚಾಚಿದ ಆ ಭೂಭಾಗ ತಾಮ್ರದ ಗಣಿಗಳ ನಾಡು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ತಲೆಮಾರುಗಳ ಅನುಭವವಿದ್ದ ಗಣಿಗಾರರು ಅಲ್ಲಿಗೆ ವಲಸೆ ಬಂದಿದ್ದರು. ಅದೇ ಕಾಲದಲ್ಲಿ ಅದೇ ಕಾರ್ನ್‌ವಾಲ್‌ನ ಜನ ನಮ್ಮ ಕೋಲಾರದ ಚಿನ್ನದ ಗಣಿಗೂ ಬಂದಿದ್ದರು ಎಂಬುದು ಕೆಜಿಎಫ್ ಕಡೆಯವರಿಗೆ ಗೊತ್ತಿರುತ್ತದೆ. ಗಣಿ ಊರಿನಲ್ಲಿ ಚಳಿಗಾಲ ಉದ್ದ, ಕೈಯಲ್ಲಿ ಕೂಲಿಯ ಕಾಸು, ಸಂಜೆ ಹೋಗಲು ಜಾಗ ಕಡಿಮೆ. ಹೌಟನ್‌ನಲ್ಲಿ ಆ್ಯಂಫಿಡ್ರೋಮ್ ಎಂಬ ದೊಡ್ಡ ರಿಂಕ್ ಎದ್ದಿತ್ತು. 1903–04ರ ಚಳಿಗಾಲದಲ್ಲಿ ಪೋರ್ಟೇಜ್ ಲೇಕ್ ಪರ ಸ್ಟುವರ್ಟ್ 14 ಪಂದ್ಯಗಳಲ್ಲಿ 13 ಗೋಲು ಹೊಡೆದ. ಹಿಂದೆ ನಿಲ್ಲುವ ಆಟಗಾರನ ಲೆಕ್ಕ ಇದು! ಅಮೆರಿಕದ ಚಾಂಪಿಯನ್ ಪಟ್ಟ ಗೆದ್ದ ಮೇಲೆ ಅವರು ಮಾಂಟ್ರಿಯಲ್‌ನ ವಾಂಡರರ್ಸ್ ತಂಡವನ್ನು ಕರೆಸಿ ಎರಡು ಪಂದ್ಯಗಳಲ್ಲೂ ಸೋಲಿಸಿ, ತಾವೇ ಜಗತ್ತಿನ ಚಾಂಪಿಯನ್ನರು ಎಂದು ಸಾರಿಕೊಂಡರು.

ಈ ಯಶಸ್ಸಿನ ಮೇಲೆಯೇ 1904ರಲ್ಲಿ ಇಂಟರ್‌ನ್ಯಾಷನಲ್ ಪ್ರೊಫೆಷನಲ್ ಹಾಕಿ ಲೀಗ್ ಹುಟ್ಟಿತು. ಆಟಗಾರರಿಗೆ ಸಂಬಳ ಕೊಡುತ್ತೇವೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡ ಮೊದಲ ಹಾಕಿ ಲೀಗ್ ಇದೇ. ಪಿಟ್ಸ್‌ಬರ್ಗ್, ಹೌಟನ್, ಅದರ ಪಕ್ಕದ ಕ್ಯಾಲುಮೆಟ್, ಮತ್ತು ನದಿಯ ಆಚೀಚೆ ಇರುವ ಎರಡು ಸೂ ಸೇಂಟ್ ಮರಿ ಊರುಗಳು, ಒಟ್ಟು ಐದು ತಂಡ. ಎರಡು ಸೂಗಳಲ್ಲಿ ಒಂದು ಮಾತ್ರ ಕೆನಡಾದ ನೆಲದಲ್ಲಿತ್ತು. ಆದರೆ ಆಡಲು ಬಂದವರೆಲ್ಲ ಹೆಚ್ಚುಕಡಿಮೆ ಕೆನಡಾದವರೇ.

ಕ್ಯಾಲುಮೆಟ್ ತಂಡದವರು ಸ್ಟುವರ್ಟ್‌ನಿಗೆ 1,800 ಡಾಲರ್ ಕೊಟ್ಟರು. ಆಡುವುದಕ್ಕೆ, ಆಡಿಸುವುದಕ್ಕೆ, ತಂಡದ ಮ್ಯಾನೇಜರ್ ಕೆಲಸಕ್ಕೆ, ಎಲ್ಲ ಸೇರಿ. ಈ ಮೊತ್ತ ಎಷ್ಟು ದೊಡ್ಡದು? ಒಂಬತ್ತು ವರ್ಷದ ನಂತರ, 1913ರಲ್ಲಿ, ಅದೇ ತಾಮ್ರದ ನಾಡಿನಲ್ಲಿ ಗಣಿ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದರು. ಅವರ ಬೇಡಿಕೆಗಳಲ್ಲಿ ಒಂದು ದಿನಕ್ಕೆ ಕನಿಷ್ಠ 3 ಡಾಲರ್ ಕೂಲಿ. ಅಂದರೆ ಕಾರ್ಮಿಕರು ಹೋರಾಡಿ ಕೇಳುತ್ತಿದ್ದ ಆ ಕೂಲಿ ಸಿಕ್ಕಿದ್ದರೂ, ವರ್ಷಕ್ಕೆ 300 ದಿನ ಪಾತಾಳದಲ್ಲಿ ದುಡಿದವನಿಗೆ 900 ಡಾಲರ್. ಸ್ಟುವರ್ಟ್ ಒಂದು ಚಳಿಗಾಲದಲ್ಲಿ ಅದರ ಎರಡರಷ್ಟು ಪಡೆಯುತ್ತಿದ್ದ. ಕೊಟ್ಟವರು ನಷ್ಟಪಡಲಿಲ್ಲ. ಅವನು 22 ಪಂದ್ಯಗಳಲ್ಲಿ 18 ಗೋಲು ಹೊಡೆದ, ಲೀಗಿನ ಮೊದಲ ಚಾಂಪಿಯನ್ ಪಟ್ಟ ಕ್ಯಾಲುಮೆಟ್‌ಗೆ ಬಂತು.

ಪಿಟ್ಸ್‌ಬರ್ಗ್, ಹೌಟನ್, ಕ್ಯಾಲುಮೆಟ್: ಮೂರು ವರ್ಷ, ಮೂರು ಊರು, ಮೂರು ಪಟ್ಟ. ಅವನು ಎಲ್ಲಿ ಹೋಗುತ್ತಾನೋ ಪಟ್ಟವೂ ಅಲ್ಲಿಗೆ ಹೋಗುತ್ತದೆ ಎಂದು ಉಳಿದವರು ದೂರು ಕೊಟ್ಟರು. ಅವನು ಮಾಡಿದ ತಪ್ಪು ಅಷ್ಟೇ. ಆದರೂ ಲೀಗ್ ಅವನನ್ನು ಅಮಾನತು ಮಾಡಿತು, ಆಮೇಲೆ ಮತ್ತೆ ಆಡಲು ಬಿಟ್ಟಿತು. ಒಬ್ಬ ಡಿಫೆನ್ಸ್ ಆಟಗಾರನ ಬಗ್ಗೆ ಎದುರಾಳಿಗಳು ಕೊಡಬಹುದಾದ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ನನಗಂತೂ ಗೊತ್ತಿಲ್ಲ.

ಇಷ್ಟೆಲ್ಲ ಸಂಬಳವಿದ್ದರೂ ಅವನಿಗೆ ಆ ಲೀಗು ಸಾಕಾಗಿತ್ತು. ಹೊಡೆದಾಟ ಮಿತಿ ಮೀರಿತ್ತು. ಸ್ಟಿಕ್ಕಿನಿಂದ ತಲೆಗೆ ಬಾರಿಸುವುದು, ಮೈಮೇಲೆ ಗಾಯವಿಲ್ಲದೆ ಯಾರೂ ಮನೆಗೆ ಹೋಗದಿರುವುದು, ಕಣ್ಣು ಮುಚ್ಚಿಕೊಳ್ಳುವ ರೆಫರಿಗಳು. 1906ರ ಕೊನೆಗೆ, ಮತ್ತೆ ಪಿಟ್ಸ್‌ಬರ್ಗ್‌ನಲ್ಲಿ ಆಡುತ್ತಿದ್ದಾಗ, ಇಲ್ಲಿನವರಿಗೆ ಹಾಕಿ ಎಂದರೇನೆಂದೇ ತಿಳಿಯದು, ಬೇಸತ್ತು ಹೋಗಿದೆ ಎಂಬರ್ಥದಲ್ಲಿ ಮಾಂಟ್ರಿಯಲ್‌ನ ಪತ್ರಿಕೆಗೆ ಕಾಗದ ಬರೆದ. ರೆಫರಿಯ ವಿಷಯಕ್ಕೇ ತಂಡದಲ್ಲಿ ಜಗಳವಾಗಿ ಹೊರಬಂದ. ಸರಿಯಾಗಿ ಅದೇ ಹೊತ್ತಿಗೆ ಕೆನಡಾದ ಬಾಗಿಲು ತೆರೆದಿತ್ತು. ಆಟಗಾರರು ದಕ್ಷಿಣಕ್ಕೆ ಹರಿದು ಹೋಗುವುದನ್ನು ತಡೆಯಲಾಗದೆ, ಪೂರ್ವ ಕೆನಡಾದ ಸಂಘ 1906ರ ನವೆಂಬರ್‌ನಲ್ಲಿ ನಿಯಮ ಬದಲಿಸಿತು: ಹವ್ಯಾಸಿಗಳೂ ವೃತ್ತಿಪರರೂ ಒಂದೇ ತಂಡದಲ್ಲಿ ಆಡಬಹುದು, ಯಾರು ಯಾವ ಬಗೆಯವರೆಂದು ಪತ್ರಿಕೆಯಲ್ಲಿ ಪ್ರಕಟಿಸಬೇಕು, ಅಷ್ಟೆ. ಚಿನ್ನದ ನಾಣ್ಯದ ಗಲಾಟೆ ನಡೆದು ಆಗಿನ್ನೂ ಒಂಬತ್ತು ವರ್ಷವೂ ಆಗಿರಲಿಲ್ಲ.

ಸ್ಟುವರ್ಟ್ ಮಾಂಟ್ರಿಯಲ್ ವಾಂಡರರ್ಸ್ ಸೇರಿದ. ಹಾಕಿಯಲ್ಲಿ ಆಗ ಅತಿ ಹೆಚ್ಚು ಸಂಬಳ ಪಡೆಯುವವರ ಸಾಲಿನಲ್ಲಿ ಅವನ ಹೆಸರಿತ್ತು. ಸ್ಟ್ಯಾನ್ಲಿ ಕಪ್ ಆಗ ವಾಂಡರರ್ಸ್ ಕೈಯಲ್ಲಿತ್ತು, ಬೇರೆ ತಂಡಗಳು ಸವಾಲು ಹಾಕಿ ಅದನ್ನು ಗೆದ್ದುಕೊಳ್ಳಬಹುದಿತ್ತು. ಡಿಸೆಂಬರ್ ಕೊನೆಗೆ ಪೂರ್ವ ಕೆನಡಾದ ನ್ಯೂ ಗ್ಲಾಸ್ಗೋ ತಂಡ ಸವಾಲು ಹಾಕಿತು, ವಾಂಡರರ್ಸ್ 10–3, 7–2ರಿಂದ ಗೆದ್ದಿತು. ರೈಲಿ ಹರ್ನ್, ಫ್ರ್ಯಾಂಕ್ ಗ್ಲಾಸ್, ಎರ್ನಿ ಜಾನ್ಸನ್, ಜ್ಯಾಕ್ ಮಾರ್ಷಲ್ ಮತ್ತು ಸ್ಟುವರ್ಟ್, ಈ ಐವರು ಆ ಪಂದ್ಯಗಳಿಂದ ಸ್ಟ್ಯಾನ್ಲಿ ಕಪ್‌ಗಾಗಿ ಆಡಿದ ಮೊದಲ ವೃತ್ತಿಪರರು ಎನಿಸಿಕೊಂಡರು.

ಹೊಡೆದಾಟ ಬೇಡವೆಂದು ಮನೆಗೆ ಬಂದವನಿಗೆ ಮನೆಯಲ್ಲಿ ಸಿಕ್ಕದ್ದೂ ಅದೇ. 1907ರ ಜನವರಿ 12ರಂದು ಆಟವಾ ತಂಡದ ಜೊತೆ ನಡೆದ ಪಂದ್ಯ ಹಾಕಿಯ ಚರಿತ್ರೆಯಲ್ಲೇ ಕುಖ್ಯಾತ. ಆಟವಾದ ಆಲ್ಫ್ ಸ್ಮಿತ್ ಸ್ಟಿಕ್ಕಿನಿಂದ ಸ್ಟುವರ್ಟ್‌ನ ತಲೆಗೆ ಹೊಡೆದು ಕೆಡವಿದ. ಆಲ್ಫ್‌ನ ತಮ್ಮ ಹ್ಯಾರಿ, ಜಾನ್ಸನ್‌ನ ಮೂಗು ಮುರಿದ. ಚಾರ್ಲ್ಸ್ ಸ್ಪಿಟಲ್ ಎಂಬವನು ವಾಂಡರರ್ಸ್‌ನ ಸೆಸಿಲ್ ಬ್ಲಾಚ್‌ಫರ್ಡ್‌ನ ತಲೆ ಒಡೆದ. ಆಟವಾ ತಂಡ ಮುಂದಿನ ಸಲ ಮಾಂಟ್ರಿಯಲ್‌ಗೆ ಬಂದಾಗ ಪೊಲೀಸರು ಮೂವರನ್ನೂ ಹಿಡಿದರು. ಸ್ಪಿಟಲ್ ಮತ್ತು ಆಲ್ಫ್‌ಗೆ 20 ಡಾಲರ್ ದಂಡ, ಹ್ಯಾರಿ ಖುಲಾಸೆ. ವಾರಕ್ಕೆ 20 ಡಾಲರ್ ಸಂಬಳದ ಕಾಲದಲ್ಲಿ ಒಂದು ತಲೆಯ ಬೆಲೆ ಅಷ್ಟು! ಅದೇ ಮಾರ್ಚ್‌ನಲ್ಲಿ ಕಾರ್ನ್‌ವಾಲ್ ಎಂಬ ಒಂಟಾರಿಯೊದ ಊರಿನಲ್ಲಿ ಓವನ್ ಮೆಕೋರ್ಟ್ ಎಂಬ ಆಟಗಾರ ಸ್ಟಿಕ್ಕಿನ ಏಟಿಗೆ ಸತ್ತೇಹೋದ. ಹೊಡೆದವನ ಮೇಲೆ ಮೊಕದ್ದಮೆ ನಡೆಯಿತು, ಸಾವಿಗೆ ಕಾರಣವಾದದ್ದು ಅವನದೇ ಏಟು ಎಂದು ಸಾಬೀತಾಗದೆ ಬಿಡುಗಡೆಯಾದ.

ಆಟದ ಕಡೆಯಿಂದ ನೋಡಿದರೆ ಮಾತ್ರ ಆ ಚಳಿಗಾಲ ಅವನ ಬದುಕಿನ ಶಿಖರ. ಜನವರಿಯಲ್ಲಿ ಕೆನೋರಾ ಎಂಬ ಸಣ್ಣ ಊರಿನ ಥಿಸಲ್ಸ್ ತಂಡ ಮಾಂಟ್ರಿಯಲ್‌ಗೇ ಬಂದು 4–2, 8–6ರಿಂದ ಗೆದ್ದು ಕಪ್ ಕೊಂಡೊಯ್ದಿತು. ಸ್ಟ್ಯಾನ್ಲಿ ಕಪ್ ಗೆದ್ದ ಅತಿ ಸಣ್ಣ ಊರು ಎಂಬ ದಾಖಲೆ ಇಂದಿಗೂ ಕೆನೋರಾದ್ದೇ. ವಾಂಡರರ್ಸ್ ಎದೆಗುಂದಲಿಲ್ಲ. ಲೀಗಿನ ಹತ್ತೂ ಪಂದ್ಯ ಗೆದ್ದು, ಮಾರ್ಚ್‌ನಲ್ಲಿ ವಿನ್ನಿಪೆಗ್‌ಗೆ ಹೋಗಿ ಮೊದಲ ಪಂದ್ಯವನ್ನು 7–2ರಿಂದ ಗೆದ್ದು, ಎರಡನೆಯದನ್ನು 5–6ರಿಂದ ಸೋತು, ಒಟ್ಟು ಗೋಲುಗಳ ಮೇಲೆ ಕಪ್ ವಾಪಸ್ ತಂದಿತು. ನೀವು ಹೇಳಿದ ಆ ಒಂದೇ ಕಪ್ ಇದು. ಅಮೆರಿಕದಲ್ಲಿ ಕಳೆದ ನಾಲ್ಕು ವರ್ಷ ಅವನು ಈ ಕಪ್ ಕಡೆ ಕೈಚಾಚುವಂತೆಯೇ ಇರಲಿಲ್ಲ ಎಂಬುದನ್ನು ನೆನಪಿಟ್ಟರೆ ಒಂದು ಎಂಬ ಅಂಕೆ ಸಣ್ಣದಾಗಿ ಕಾಣುವುದಿಲ್ಲ.

ಆಮೇಲೆ ಅವನು ಆಟ ಬಿಡುವ ಮಾತಾಡಿದ. ಕರೆಗಳು ಬಂದವು, ಒಪ್ಪಲಿಲ್ಲ. ಏಟು ತಿನ್ನುವುದು ಸಾಕಾಗಿತ್ತು. ಅಪ್ಪನ ಕಟ್ಟಡ ಗುತ್ತಿಗೆಯ ಕೆಲಸಕ್ಕೆ ಸೇರಿ, ಒಂದು ಕಾಮಗಾರಿ ನೋಡಿಕೊಳ್ಳಲು ಒಂಟಾರಿಯೊದ ಬೆಲ್‌ವಿಲ್‌ಗೆ ಹೋದ. 1907ರ ಜೂನ್ 23, ಬೇಸಿಗೆಯ ದಿನ. ಗೆಳೆಯರ ಜೊತೆ ಕ್ವಿಂಟೆ ಕೊಲ್ಲಿಯಲ್ಲಿ ಈಜಲು ಹೋದವನು ದೀಪಸ್ತಂಭದವರೆಗೆ ಈಜಿ, ಅದರ ಮೇಲಿಂದ ತಲೆ ಕೆಳಗಾಗಿ ಧುಮುಕಿದ. ನೀರು ಆಳವಿರಲಿಲ್ಲ, ಕೆಳಗೆ ಬಂಡೆಗಳಿದ್ದವು. ಅಲ್ಲೇ ಪ್ರಾಣ ಹೋಯಿತು. ಮನೆಯಲ್ಲಿ ಹೆಂಡತಿ, ಇಬ್ಬರು ಸಣ್ಣ ಮಕ್ಕಳು.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ಹೌದು, ಆ ಮಾತು ನಿಜ. 1908ರ ಜನವರಿ 2ರಂದು ಮಾಂಟ್ರಿಯಲ್ ಅರೀನಾದಲ್ಲಿ ಸ್ಟುವರ್ಟ್ ಕುಟುಂಬದ ಸಹಾಯಾರ್ಥ ಒಂದು ಪಂದ್ಯ ನಡೆಯಿತು. ಒಂದು ಕಡೆ ವಾಂಡರರ್ಸ್, ಇನ್ನೊಂದು ಕಡೆ ಲೀಗಿನ ಉಳಿದ ತಂಡಗಳಿಂದ ಆರಿಸಿದವರು. ವಾಂಡರರ್ಸ್ 10–7ರಿಂದ ಗೆದ್ದರು. ಸುಮಾರು 3,500 ಜನ ಬಂದಿದ್ದರು, 2,000 ಡಾಲರಿಗಿಂತ ಸ್ವಲ್ಪ ಹೆಚ್ಚು ಹಣ ಕೂಡಿತು. ಹಾಕಿಯಲ್ಲಿ ಇದೇ ಮೊದಲ ಆಲ್‌ಸ್ಟಾರ್ ಪಂದ್ಯ. ಬೇಸ್‌ಬಾಲ್‌ನ ಪ್ರಸಿದ್ಧ ಆಲ್‌ಸ್ಟಾರ್ ಪಂದ್ಯ ಶುರುವಾದದ್ದು ಇದಾದ 25 ವರ್ಷಕ್ಕೆ, 1933ರಲ್ಲಿ.

ಈ ಪಂದ್ಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಗೆಳೆಯರ ಪ್ರೀತಿಯನ್ನು ಹೊಗಳಿ ಮುಗಿಸುತ್ತಾರೆ. ಪ್ರೀತಿ ಇದ್ದದ್ದು ನಿಜ. ನನಗೆ ಮಾತ್ರ ಆ 2,000ದ ಪಕ್ಕ ಕ್ಯಾಲುಮೆಟ್‌ನ 1,800 ಇಟ್ಟು ನೋಡದೆ ಸಮಾಧಾನವಾಗುವುದಿಲ್ಲ. ಐದು ವರ್ಷ ಅವನ ಹೆಸರಿನ ಮೇಲೆ ಟಿಕೆಟ್ ಮಾರಿದ ಆಟ, ಅವನ ಹೆಂಡತಿ ಮಕ್ಕಳಿಗೆ ಕೊಟ್ಟದ್ದು ಅವನ ಒಂದು ಚಳಿಗಾಲದ ಸಂಬಳಕ್ಕಿಂತ ತುಸು ಜಾಸ್ತಿ. ಅದೂ ಲೀಗಿನ ಬೊಕ್ಕಸದಿಂದ ಬಂದದ್ದಲ್ಲ, ನೋಡಲು ಬಂದವರು ಕೊಟ್ಟದ್ದು. ವಿಮೆ, ಪಿಂಚಣಿ, ಗಾಯವಾದರೆ ಪರಿಹಾರ ಯಾವುದೂ ಆಗಿನ ಕರಾರಿನಲ್ಲಿರಲಿಲ್ಲ. ಹವ್ಯಾಸಿಯಾಗಿದ್ದಾಗ ಊರು, ಕ್ಲಬ್ಬು, ನೌಕರಿ ಕೊಡಿಸುವ ಹಿರಿಯರು ಎಂಬ ಒಂದು ಬಳಗವಾದರೂ ಇರುತ್ತಿತ್ತು. ವೃತ್ತಿಪರನಿಗೆ ಸಂಬಳ ಬಂತು, ಬಳಗ ಹೋಯಿತು, ಅದರ ಜಾಗಕ್ಕೆ ಬೇರೇನೂ ಬರಲಿಲ್ಲ.

ಈ ಪದ್ಧತಿ ಎಷ್ಟು ಕಾಲ ನಡೆಯಿತು ನೋಡಿ. 1933ರ ಡಿಸೆಂಬರ್‌ನಲ್ಲಿ ಬಾಸ್ಟನ್‌ನ ಎಡ್ಡಿ ಶೋರ್ ಹಿಂದಿನಿಂದ ಗುದ್ದಿದ್ದಕ್ಕೆ ಟೊರಾಂಟೊದ ಏಸ್ ಬೇಲಿ ತಲೆಬುರುಡೆ ಒಡೆದುಕೊಂಡ. ಜೀವ ಉಳಿಯಿತು, ಆಟ ಮುಗಿಯಿತು. 1934ರ ಫೆಬ್ರವರಿ 14ರಂದು ನಿಮ್ಮೂರಿನ ಮೇಪಲ್ ಲೀಫ್ ಗಾರ್ಡನ್ಸ್‌ನಲ್ಲಿ ಅವನಿಗಾಗಿ ಆಲ್‌ಸ್ಟಾರ್ ಪಂದ್ಯ. 1937ರಲ್ಲಿ ಹೊವೀ ಮೊರೆನ್ಜ್ ಕಾಲು ಮುರಿದು ಆಸ್ಪತ್ರೆಯಲ್ಲಿದ್ದಾಗಲೇ ಸತ್ತ, ಅವನ ಕುಟುಂಬಕ್ಕಾಗಿ ಇನ್ನೊಂದು ಪಂದ್ಯ. 1939ರ ಆಗಸ್ಟ್‌ನಲ್ಲಿ ಬೇಬ್ ಸೀಬರ್ಟ್ ಹ್ಯೂರಾನ್ ಸರೋವರದಲ್ಲಿ ಮುಳುಗಿ ತೀರಿಕೊಂಡ. ಅವನೂ ಡಿಫೆನ್ಸ್ ಆಟಗಾರ, ಅವನೂ ಬೇಸಿಗೆಯಲ್ಲಿ ನೀರುಪಾಲಾದವನು, ಅವನ ಮನೆಯವರಿಗೂ ಆಲ್‌ಸ್ಟಾರ್ ಪಂದ್ಯದ ಹಣವೇ ಗತಿ. ಸ್ಟುವರ್ಟ್‌ನಿಂದ ಸೀಬರ್ಟ್‌ವರೆಗೆ 32 ವರ್ಷದಲ್ಲಿ ಸಂಬಳ ಬೆಳೆಯಿತು, ಲೀಗುಗಳು ಹುಟ್ಟಿ ಸತ್ತವು, ಅನಾಹುತವಾದಾಗ ಟೋಪಿ ಹಿಡಿದು ಹಣ ಎತ್ತುವುದು ಮಾತ್ರ ಬದಲಾಗಲಿಲ್ಲ. ಉತ್ತರ ಅಮೆರಿಕದ ಮುಖ್ಯ ವೃತ್ತಿಪರ ಹಾಕಿ ಲೀಗಾದ ಎನ್‌ಎಚ್‌ಎಲ್ ಪ್ರತಿವರ್ಷದ ಆಲ್‌ಸ್ಟಾರ್ ಪಂದ್ಯ ಆರಂಭಿಸಿದ್ದು 1947ರ ಅಕ್ಟೋಬರ್ 13ರಂದು. ಅದರ ಗಳಿಕೆಯ ದೊಡ್ಡ ಪಾಲು ಆಟಗಾರರ ಹೊಸ ಪಿಂಚಣಿ ನಿಧಿಗೆ ಹೋಯಿತು. ಈಗ ಟಿವಿಯಲ್ಲಿ ಬರುವ ಆ ಥಳಕಿನ ಪಂದ್ಯದ ಬೇರು ಇಲ್ಲಿದೆ.

ಮಾಂಟ್ರಿಯಲ್ ಅರೀನಾ 1918ರ ಜನವರಿ 2ರಂದು ಸುಟ್ಟುಹೋಯಿತು, ಆ ಸಹಾಯಾರ್ಥ ಪಂದ್ಯ ನಡೆದು ಸರಿಯಾಗಿ ಹತ್ತು ವರ್ಷಕ್ಕೆ. ಹೊಸದಾಗಿ ಹುಟ್ಟಿದ್ದ ಎನ್‌ಎಚ್‌ಎಲ್‌ನಲ್ಲಿ ಆಡುತ್ತಿದ್ದ ವಾಂಡರರ್ಸ್ ಅದರೊಂದಿಗೆ ಮುಚ್ಚಿತು. ಗಣಿನಾಡಿನ ಲೀಗು ಅದಕ್ಕೂ ಮೊದಲೇ, 1907ರಲ್ಲೇ ನಿಂತಿತ್ತು. ಆ ವರ್ಷದ ಆರ್ಥಿಕ ಕುಸಿತ ಒಂದು ಕಾರಣ, ಕೆನಡಾದಲ್ಲೇ ಸಂಬಳ ಸಿಗತೊಡಗಿದ್ದು ಇನ್ನೊಂದು. ತಮ್ಮ ಬ್ರೂಸ್ 1908ರಲ್ಲಿ ವಾಂಡರರ್ಸ್ ಪರ, ಆಮೇಲೆ ಆಟವಾ ಪರ ಕಪ್ ಗೆದ್ದು, 1961ರಲ್ಲಿ ಹಾಲ್ ಆಫ್ ಫೇಮ್ ಸೇರಿದ.

1945ರ ಆ ಒಂಬತ್ತು ಹೆಸರುಗಳ ಬಗ್ಗೆ ಒಂದು ಮಾತು. ನೀವು ಮತ್ತೆ ಹೋದಾಗ ಗಮನಿಸಿ, ಆರಿಸುವ ಹೊತ್ತಿಗೆ ಒಂಬತ್ತೂ ಜನ ತೀರಿಕೊಂಡವರು. ಗೋಲ್‌ಕೀಪರ್ ಜಾರ್ಜ್ ವೆಜಿನಾ, ಮೊದಲ ಮಹಾಯುದ್ಧದಲ್ಲಿ ಸತ್ತ ಫ್ರ್ಯಾಂಕ್ ಮೆಗೀ, ಮೊರೆನ್ಜ್, ಹೀಗೆ. ಆದ್ದರಿಂದ ಅಕಾಲ ಮರಣದ ಅನುಕಂಪ ಸ್ಟುವರ್ಟ್‌ನಿಗೆ ಸ್ವಲ್ಪ ನೆರವಾಗಿರಬಹುದು ಎಂದು ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಸತ್ತು 38 ವರ್ಷದ ಮೇಲೂ, ಅವನ ಆಟ ಕಂಡವರು ಮುದುಕರಾದ ಮೇಲೂ ಆ ಹೆಸರು ಮೊದಲ ಪಟ್ಟಿಗೇ ಬಂತು. ಬರೀ ಅನುಕಂಪ ಅಷ್ಟು ವರ್ಷ ಬಾಳುವುದಿಲ್ಲ.

ಅವನು ಹಾಕಿಕೊಟ್ಟ ದಾರಿಯಲ್ಲಿ ಮೊದಲು ನಡೆದವನು ಸೈಕ್ಲೋನ್ ಟೇಲರ್. ಸ್ಟುವರ್ಟ್ ಬಿಟ್ಟುಹೋದ ಅದೇ ಗಣಿನಾಡಿನ ಲೀಗಿನಲ್ಲಿ ಹೆಸರು ಮಾಡಿ, 1907ರ ಕೊನೆಗೆ ಆಟವಾಗೆ ಬಂದು ಕವರ್ ಪಾಯಿಂಟ್‌ಗೆ ಇಳಿದು, ಅಲ್ಲಿಂದ ಮುನ್ನುಗ್ಗುವ ಆಟ ಆಡಿದ. 1909ರಲ್ಲಿ ರೆನ್‌ಫ್ರೂ ಎಂಬ ಪುಟ್ಟ ಊರಿನ ತಂಡ ಅವನಿಗೆ 12 ಪಂದ್ಯಗಳ ಒಂದು ಋತುವಿಗೆ 5,250 ಡಾಲರ್ ಕೊಟ್ಟಿತು. ಅಷ್ಟು ದುಡ್ಡು ಸುರಿದದ್ದು ಒಬ್ಬ ಕವರ್ ಪಾಯಿಂಟ್‌ಗೆ ಎಂಬುದೇ ಇಲ್ಲಿ ಮುಖ್ಯ. ಸ್ಟುವರ್ಟ್ ಬರುವ ಮುಂಚೆ ಆ ಜಾಗದವನಿಗೆ ಅಷ್ಟು ಬೆಲೆ ಕಟ್ಟುವ ಯೋಚನೆಯೇ ಯಾರಿಗೂ ಬರುತ್ತಿರಲಿಲ್ಲ.

ಇನ್ನು ನಿಮ್ಮ ಮಗನ ಪ್ರಶ್ನೆಗೆ. ಬಾಬಿ ಓರ್ 1970 ಮತ್ತು 1975ರಲ್ಲಿ ಎನ್‌ಎಚ್‌ಎಲ್‌ನಲ್ಲಿ ಅತಿ ಹೆಚ್ಚು ಅಂಕ ಗಳಿಸಿದವನು, ಆ ಸಾಧನೆ ಮಾಡಿದ ಒಬ್ಬನೇ ಡಿಫೆನ್ಸ್ ಆಟಗಾರ. ಇಬ್ಬರಲ್ಲಿ ದೊಡ್ಡವನು ಯಾರೆಂದರೆ ನಾನು ಓರ್ ಎಂದೇ ಹೇಳುತ್ತೇನೆ, ಅನುಮಾನವಿಲ್ಲ. ಓರ್‌ನ ಆಟದ ಚಿತ್ರಗಳಿವೆ, ಮಗನಿಗೆ ತೋರಿಸಿ. ಸ್ಟುವರ್ಟ್‌ನ ಆಟ ಏನೆಂದು ತಿಳಿಯಬೇಕಾದರೆ ಅಭ್ಯಾಸದ ಹೊತ್ತಿನಲ್ಲಿ ಅವನ ಕೋಚನ್ನು ಒಪ್ಪಿಸಿ ಹತ್ತು ನಿಮಿಷ ಮುಂದಕ್ಕೆ ಪಾಸ್ ಕೊಡದೆ ಆಡಿಸಿ, ಯಾರನ್ನೂ ಬದಲಿಸಬೇಡಿ. ಆಗ ತನ್ನ ಗೋಲಿನ ಮುಂದೆ ಪಕ್ ಸಿಕ್ಕಿದರೆ ಏನು ಮಾಡಬೇಕೆಂದು ಅವನೇ ಯೋಚಿಸಲಿ.